ವ್ಯಾಪ್ತಿ ಇಲ್ಲ ಎಂದು ಸಿವಿಲ್ ದಾವೆ ನಿಂತಾಗ: ಅಪೀಲು ಹಾಕುವುದೋ, ಸರಿಯಾದ ಕೋರ್ಟಿಗೆ ಹೋಗುವುದೋ?

ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ ಸುತ್ತಿಕೊಂಡು ಒಬ್ಬ ತಾಯಿ ನನ್ನ ಆಫೀಸಿಗೆ ಬಂದರು. "ಸಾರ್, ನಮ್ಮ ಕೇಸು ಬಿದ್ದುಹೋಯ್ತು. ಹೈಕೋರ್ಟಿಗೆ ಅಪೀಲು ಹಾಕಬೇಕಂತೆ" ಎಂದರು. ತುಮಕೂರಿನ ಒಂದು ಸೈಟಿಗೆ ಮುಂಗಡ ಕೊಟ್ಟು ಕರಾರು ಮಾಡಿಕೊಂಡಿದ್ದರು. ಮಾರುವವರು ಕ್ರಯಪತ್ರ ಮಾಡಿಕೊಡಲಿಲ್ಲ. ಕರಾರಿಗೆ ಸಹಿ ಬಿದ್ದಿದ್ದು ಬೆಂಗಳೂರಿನಲ್ಲಿ, ಹಣ ಕೊಟ್ಟಿದ್ದೂ ಅಲ್ಲೇ. ಹಾಗಾಗಿ ದಾವೆಯನ್ನೂ ಬೆಂಗಳೂರಿನಲ್ಲೇ ಹಾಕಿಸಿದ್ದರು. ಕ್ರಯಪತ್ರದ ಜೊತೆಗೆ ಸೈಟಿನ ಸ್ವಾಧೀನವನ್ನೂ ಕೇಳಿದ್ದರು. ನಾಲ್ಕು ವರ್ಷ ನಡೆದ ಮೇಲೆ ಕೋರ್ಟು "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದಿತು.

ನಾನು ಮೊದಲು ಆದೇಶದ ಕೊನೆಯ ಪುಟ ತೆಗೆದೆ. ಅಲ್ಲಿ "ವಜಾ" ಎಂಬ ಮಾತೇ ಇರಲಿಲ್ಲ. ಸರಿಯಾದ ನ್ಯಾಯಾಲಯಕ್ಕೆ ಸಲ್ಲಿಸಲು ವಾದಪತ್ರವನ್ನು, ಅಂದರೆ ದಾವೆ ಹಾಕುವಾಗ ಕೊಟ್ಟ ಅರ್ಜಿಯನ್ನು, ಹಿಂದಿರುಗಿಸಲಾಗಿದೆ ಎಂದಿತ್ತು. ಕೇಸು ಬಿದ್ದಿರಲಿಲ್ಲ. ಬಾಗಿಲು ತಪ್ಪಿತ್ತು, ಅಷ್ಟೇ. ಆದರೆ ವಾದಪತ್ರ ವಾಪಸ್ ಪಡೆದು ಆಗಲೇ 40 ದಿನ ಕಳೆದಿತ್ತು. ಆ 40 ದಿನ ಎಷ್ಟು ದುಬಾರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಂಥವರು ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಬರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು, "ಕೇಸು ಬಿತ್ತು, ಅಪೀಲು ಹಾಕಬೇಕು." ಅಪೀಲು ಒಂದು ದಾರಿ ಮಾತ್ರ. ಎಷ್ಟೋ ಸಲ ಅದು ಒಳ್ಳೆಯ ದಾರಿಯೂ ಅಲ್ಲ. ಯಾವ ದಾರಿ ಯಾವಾಗ ಸರಿ ಎಂದು ನಾನು ಹೇಗೆ ನೋಡುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಆ ಒಂದು ಪದ ನೋಡಿ

ವ್ಯಾಪ್ತಿ ಇಲ್ಲ ಎಂದು ಕೋರ್ಟು ಮೂರು ರೀತಿಯಲ್ಲಿ ಹೇಳಬಹುದು.

ಒಂದು, ವಾದಪತ್ರ ಹಿಂದಿರುಗಿಸುವುದು. ವಕೀಲರು ಇದನ್ನು ಪ್ಲೇಂಟ್ ರಿಟರ್ನ್ ಎನ್ನುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಪಿಸಿಯ, ಆದೇಶ 7 ನಿಯಮ 10ರಲ್ಲಿ ಇದು ಬರುತ್ತದೆ. ಬೇರೆ ಸಿವಿಲ್ ಕೋರ್ಟಿಗೆ ವ್ಯಾಪ್ತಿ ಇದೆ, ನಮಗಿಲ್ಲ ಎಂದು ಇದರ ಅರ್ಥ.

ಎರಡು, ವಾದಪತ್ರ ತಿರಸ್ಕರಿಸುವುದು. ಇದು ಆದೇಶ 7 ನಿಯಮ 11. ಈ ವಿಷಯವನ್ನು ಸಿವಿಲ್ ಕೋರ್ಟಿಗೆ ತರುವುದಕ್ಕೇ ಒಂದು ಕಾನೂನು ಅಡ್ಡ ಇದೆ ಎಂದಾಗ ಇದನ್ನು ಬಳಸುತ್ತಾರೆ. ನಮ್ಮಲ್ಲಿ ಜಾಸ್ತಿ ಅಡ್ಡ ಬರುವುದು ಜಮೀನಿನ ಕಾನೂನುಗಳು. ಗೇಣಿದಾರ ಹೌದೋ ಅಲ್ಲವೋ ಎಂಬ ಪ್ರಶ್ನೆ 1961ರ ಭೂ ಸುಧಾರಣಾ ಕಾಯ್ದೆಯಂತೆ ಭೂ ನ್ಯಾಯಮಂಡಳಿಗೆ ಹೋಗಬೇಕು. ಬರೀ ಪಹಣಿ ತಿದ್ದುಪಡಿ ಬೇಕಿದ್ದರೆ 1964ರ ಭೂ ಕಂದಾಯ ಕಾಯ್ದೆಯಂತೆ ತಹಸೀಲ್ದಾರರು, ಉಪವಿಭಾಗಾಧಿಕಾರಿಗಳ ಬಳಿ ಹೋಗಬೇಕು. ಬ್ಯಾಂಕ್ ಸಾಲದ ಹರಾಜು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿ ಬರುವ ವ್ಯಾಜ್ಯ, ವಕ್ಫ್ ಆಸ್ತಿ ಇವುಗಳಿಗೂ ಅವುಗಳದೇ ವೇದಿಕೆ ಇದೆ.

ಮೂರು, ವಿಚಾರಣೆ ಮುಗಿಸಿ ದಾವೆಯನ್ನೇ ವಜಾ ಮಾಡುವುದು. ಬೇರೆ ಸಿವಿಲ್ ಕೋರ್ಟಿಗೆ ವ್ಯಾಪ್ತಿ ಇದ್ದರೆ ಹೀಗೆ ಮಾಡಬಾರದು. ಯಾವ ಹಂತದಲ್ಲಿದ್ದರೂ ವಾದಪತ್ರ ಹಿಂದಿರುಗಿಸಬೇಕು ಎಂದೇ ನಿಯಮ 10 ಹೇಳುತ್ತದೆ. ಆದರೂ ವಜಾ ಆಗುವುದುಂಟು. ಆಗ ಆ ಡಿಕ್ರಿಯನ್ನು, ಅಂದರೆ ಕೋರ್ಟಿನ ಅಂತಿಮ ತೀರ್ಮಾನವನ್ನು, ರದ್ದು ಮಾಡಿ ವಾದಪತ್ರ ಹಿಂದಿರುಗಿಸುವ ಅಧಿಕಾರ ಅಪೀಲಿನ ಕೋರ್ಟಿಗೆ ಇದೆ. ಅದೇ ನಿಯಮದ ವಿವರಣೆಯಲ್ಲಿ ಇದು ಸ್ಪಷ್ಟವಾಗಿದೆ. ಬಹಳ ಜನ ಅಪೀಲಿನಲ್ಲಿ ಇದನ್ನು ಪರ್ಯಾಯ ಕೋರಿಕೆಯಾಗಿ ಬರೆಯುವುದೇ ಇಲ್ಲ. ದಯವಿಟ್ಟು ಬರೆಸಿ.

ಅಪೀಲಿನ ದಾರಿಯೂ ಒಂದೇ ಅಲ್ಲ

ವಾದಪತ್ರ ತಿರಸ್ಕಾರವಾದರೆ ಕಾನೂನಿನ ಕಣ್ಣಿನಲ್ಲಿ ಅದು ಡಿಕ್ರಿ. ಸಿಪಿಸಿ ಕಲಂ 2(2) ಹಾಗೆ ಹೇಳುತ್ತದೆ. ಹಾಗಾಗಿ ಕಲಂ 96ರಂತೆ ಪೂರ್ಣ ಮೊದಲ ಅಪೀಲು ಸಿಗುತ್ತದೆ. ಜಿಲ್ಲೆಯಲ್ಲಿ ಹಾಕಿದರೆ ಅದು ಆರ್.ಎ. (ರೆಗ್ಯುಲರ್ ಅಪೀಲು), ಹೈಕೋರ್ಟಿನಲ್ಲಾದರೆ ಆರ್.ಎಫ್.ಎ. (ರೆಗ್ಯುಲರ್ ಫಸ್ಟ್ ಅಪೀಲು). ಜಿಲ್ಲೆಯಲ್ಲಿ ಸೋತರೆ, ಕಾನೂನಿನ ಗಂಭೀರ ಪ್ರಶ್ನೆ ಇದ್ದಾಗ ಹೈಕೋರ್ಟಿಗೆ ಎರಡನೇ ಅಪೀಲೂ ಇದೆ. ದಾವೆ ವಜಾ ಆದಾಗಲೂ ಇದೇ ದಾರಿ.

ವಾದಪತ್ರ ಹಿಂದಿರುಗಿಸಿದ್ದರೆ ಅದು ಡಿಕ್ರಿ ಅಲ್ಲ, ಬರೀ ಆದೇಶ. ಆದೇಶ 43 ನಿಯಮ 1(ಎ) ಅಡಿ ಮಿಸಲೇನಿಯಸ್ ಅಪೀಲು ಮಾತ್ರ. ಅದರಲ್ಲಿ ಸೋತರೆ ಮತ್ತೊಂದು ಅಪೀಲು ಇಲ್ಲ. ಕಲಂ 104(2) ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಉಳಿಯುವುದು ಸಂವಿಧಾನದ 227ನೇ ವಿಧಿಯ ಅಡಿ ಹೈಕೋರ್ಟಿಗೆ ರಿಟ್. ಅಲ್ಲಿ ಕೆಳಗಿನ ಕೋರ್ಟು ತನ್ನ ಎಲ್ಲೆ ಮೀರಿದೆಯೇ ಎಂದಷ್ಟೇ ನೋಡುತ್ತಾರೆ, ಕೇಸನ್ನು ಹೊಸದಾಗಿ ತೂಗುವುದಿಲ್ಲ.

ಖರ್ಚಿನಲ್ಲೂ ವ್ಯತ್ಯಾಸ ಇದೆ. ಪೂರ್ಣ ಅಪೀಲಿಗೆ ಸಾಮಾನ್ಯವಾಗಿ ದಾವೆಗೆ ಕಟ್ಟಿದಷ್ಟೇ ಕೋರ್ಟ್ ಫೀ ಮತ್ತೆ ಕಟ್ಟಬೇಕು. ಲಕ್ಷಗಟ್ಟಲೆ ಬೆಲೆಯ ಆಸ್ತಿಯಾದರೆ ಇದು ದೊಡ್ಡ ಮೊತ್ತವೇ. ಗೆದ್ದು ದಾವೆ ಮತ್ತೆ ಕೆಳಗಿನ ಕೋರ್ಟಿಗೆ ಹೋದರೆ ಅಪೀಲಿನ ಫೀ ವಾಪಸ್ ಕೊಡಿಸುವಂತೆ ಕೇಳಬಹುದು. ಕೇಳದಿದ್ದರೆ ಬರುವುದಿಲ್ಲ. ಮಿಸಲೇನಿಯಸ್ ಅಪೀಲಿನ ಫೀ ಚಿಕ್ಕದು.

ಅವಧಿ ಎರಡಕ್ಕೂ ಒಂದೇ. 1963ರ ಕಾಲಮಿತಿ ಕಾಯ್ದೆಯ 116ನೇ ಅನುಚ್ಛೇದದಂತೆ ಹೈಕೋರ್ಟಿಗೆ 90 ದಿನ, ಬೇರೆ ಕೋರ್ಟಿಗೆ 30 ದಿನ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಡಿಕ್ರಿ ನೇರ ಹೈಕೋರ್ಟಿಗೆ ಹೋಗುತ್ತದೆ. ತಾಲೂಕು, ಜಿಲ್ಲೆಗಳಲ್ಲಿ ಎಲ್ಲಿಗೆ ಎಂಬುದು ತೀರ್ಪು ಕೊಟ್ಟ ಕೋರ್ಟಿನ ದರ್ಜೆಯ ಮೇಲೆ ನಿಲ್ಲುತ್ತದೆ. ಇದನ್ನು ತಪ್ಪಾಗಿ ಲೆಕ್ಕ ಹಾಕಿ, 90 ದಿನ ಇದೆ ಎಂದುಕೊಂಡು 30 ದಿನ ಕಳೆದುಕೊಂಡವರನ್ನು ನೋಡಿದ್ದೇನೆ. ತಡವಾದರೆ ಅದೇ ಕಾಲಮಿತಿ ಕಾಯ್ದೆಯ ಕಲಂ 5ರಲ್ಲಿ ಕ್ಷಮೆ ಕೇಳಬಹುದು, ಆದರೆ ಕಾರಣ ಗಟ್ಟಿ ಇರಬೇಕು. ಆದೇಶ ಬಂದ ದಿನವೇ ನಕಲಿಗೆ ಅರ್ಜಿ ಹಾಕಿಬಿಡಿ. ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಅವಧಿಯಿಂದ ಕಳೆಯುತ್ತಾರೆ. ಅರ್ಜಿ ಹಾಕದೆ ಸುಮ್ನೆ ಕೂತ ದಿನಗಳನ್ನು ಕಳೆಯುವುದಿಲ್ಲ.

ವಾಣಿಜ್ಯ ವ್ಯವಹಾರದ ಕೇಸಾದರೆ ಲೆಕ್ಕ ಬೇರೆ. 2018ರಿಂದ 3 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ಕೋರ್ಟಿಗೆ ಹೋಗುತ್ತವೆ. ಅಲ್ಲಿ ಅಪೀಲಿನ ಅವಧಿ 60 ದಿನ.

ಸರಿಯಾದ ಕೋರ್ಟಿಗೆ ಹೋಗುವುದು: ಲಾಭ, ನಷ್ಟ

ಆದೇಶ ಸರಿಯಾಗಿಯೇ ಇದ್ದರೆ ಅಪೀಲು ಹಾಕಿ ವರ್ಷಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ. ಈ ಮಾತನ್ನು ಕಕ್ಷಿದಾರರಿಗೆ ಹೇಳುವುದು ಕಷ್ಟ. ಸೋತ ಆದೇಶವನ್ನು ಪ್ರಶ್ನಿಸದೆ ಬಿಡುವುದು ಮನಸ್ಸಿಗೆ ಒಗ್ಗುವುದಿಲ್ಲ. ಆದರೂ ಹೇಳಲೇಬೇಕು.

ಆ ತಾಯಿಯ ಕೇಸನ್ನೇ ನೋಡಿ. ಸ್ಥಿರಾಸ್ತಿಯ ದಾವೆ ಆಸ್ತಿ ಇರುವ ಜಾಗದ ಕೋರ್ಟಿನಲ್ಲೇ ಹಾಕಬೇಕು ಎನ್ನುತ್ತದೆ ಸಿಪಿಸಿ ಕಲಂ 16. ಹರ್ಷದ್ ಚಿಮನ್‌ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ಇದನ್ನೇ ಹೇಳಿತು. ಅಲ್ಲಿ ನಿವೇಶನ ಗುರ್ಗಾಂವ್‌ನಲ್ಲಿತ್ತು. ಕರಾರು ದೆಹಲಿಯದು, ಹಣ ದೆಹಲಿಯಲ್ಲಿ ಕೊಟ್ಟಿದ್ದು, ದಾವೆಯೂ ದೆಹಲಿಯಲ್ಲಿ. ಎದುರಿನವರು ಮೊದಲು ವ್ಯಾಪ್ತಿಯನ್ನು ಒಪ್ಪಿಕೊಂಡಿದ್ದರೂ ದೆಹಲಿ ಕೋರ್ಟಿಗೆ ಅಧಿಕಾರ ಇಲ್ಲ ಎಂದೇ ತೀರ್ಮಾನವಾಯಿತು. ತುಮಕೂರಿನ ಸೈಟು, ಬೆಂಗಳೂರಿನ ದಾವೆ. ಅಪೀಲಿನಲ್ಲಿ ಹೇಳಲು ನಮಗೇನೂ ಇರಲಿಲ್ಲ.

ಇನ್ನು ದಿನಗಳ ಲೆಕ್ಕ. ಕರಾರಿನಂತೆ ಕ್ರಯಪತ್ರ ಕೇಳುವ ದಾವೆಗೆ ಮೂರು ವರ್ಷ ಅವಧಿ. ಅವರು ಬೆಂಗಳೂರಿನಲ್ಲಿ ದಾವೆ ಹಾಕಿದಾಗ ಆ ಮೂರು ವರ್ಷದಲ್ಲಿ 58 ದಿನ ಬಾಕಿ ಇತ್ತು. ಕಾಲಮಿತಿ ಕಾಯ್ದೆಯ ಕಲಂ 14 ಇಲ್ಲಿ ಕೈ ಹಿಡಿಯುತ್ತದೆ. ವ್ಯಾಪ್ತಿ ಇಲ್ಲದ ಕೋರ್ಟಿನಲ್ಲಿ ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ಕೇಸು ನಡೆಸಿದ ಸಮಯವನ್ನು ಅದು ಅವಧಿಯಿಂದ ಕಳೆಯುತ್ತದೆ. ಅಪೀಲಿನಲ್ಲಿ ಕಳೆದ ಸಮಯವೂ ಸೇರುತ್ತದೆ. ಅಂದರೆ ಬೆಂಗಳೂರಿನ ನಾಲ್ಕು ವರ್ಷ ಅವರ ಮೇಲೆ ಬೀಳುವುದಿಲ್ಲ. ಆದರೆ ವಾದಪತ್ರ ವಾಪಸ್ ಬಂದ ಮೇಲೆ ಗಡಿಯಾರ ಮತ್ತೆ ಓಡುತ್ತದೆ. ಆಗ ಕೈಯಲ್ಲಿದ್ದದ್ದು ಅದೇ ಹಳೆಯ 58 ದಿನ. ಅದರಲ್ಲಿ 40 ಹೋಗಿತ್ತು. ಉಳಿದದ್ದು 18.

ಇದೇ ಜಾಗದಲ್ಲಿ ಬಹಳ ಕೇಸುಗಳು ನಿಜವಾಗಿಯೂ ಸಾಯುತ್ತವೆ. ವ್ಯಾಪ್ತಿಯ ಆದೇಶದಿಂದಲ್ಲ, ಅದರ ನಂತರದ ಮೈಮರೆವಿನಿಂದ. ಅವಧಿಯ ಕೊನೆಯ ದಿನ ದಾವೆ ಹಾಕಿದ್ದವರಿಗೆ ವಾಪಸ್ ಬಂದ ಮೇಲೆ ಸಿಗುವುದು ಹೆಚ್ಚುಕಡಿಮೆ ಶೂನ್ಯ.

ಕೋರ್ಟ್ ಫೀ ಪೂರ್ತಿ ಹೋಗುವುದಿಲ್ಲ. ಹಿಂದಿರುಗಿಸಿದ ವಾದಪತ್ರಕ್ಕೆ ಕಟ್ಟಿದ ಫೀಯನ್ನು ಹೊಸ ಕೋರ್ಟಿನಲ್ಲಿ ಹೊಂದಿಸಿಕೊಳ್ಳಲು ಕೇಳಬಹುದು. ದೊಡ್ಡ ನಷ್ಟ ಬೇರೆ ಇದೆ. ಹೊಸ ಕೋರ್ಟಿನಲ್ಲಿ ಕೇಸು ಮೊದಲಿನಿಂದ ಶುರು. ಸಾಕ್ಷಿ, ಪಾಟೀ ಸವಾಲು ಎಲ್ಲಾ ಮತ್ತೆ. ಹಳೆಯ ಹಂತದಿಂದಲೇ ಮುಂದುವರಿಸಬಹುದೇ ಎಂಬ ಬಗ್ಗೆ ಹಿಂದೆ ಎರಡು ಬಗೆಯ ತೀರ್ಪುಗಳಿದ್ದವು. 2020ರಲ್ಲಿ ಇಎಕ್ಸ್‌ಎಲ್ ಕೆರಿಯರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಗೊಂದಲ ಮುಗಿಸಿತು. ಹೊಸದಾಗಿಯೇ ನಡೆಯಬೇಕು ಎಂದಿತು. ವಯಸ್ಸಾದ ಸಾಕ್ಷಿಗಳಿದ್ದರೆ ಇದು ನೋವಿನ ವಿಷಯ. ನಡುವೆ ಅವರು ತೀರಿಕೊಂಡಿದ್ದರೆ ಇನ್ನೂ ಕಷ್ಟ. ಅಪೀಲು ಹಾಕಲು ಒಳ್ಳೆಯ ಕಾರಣ ಇದ್ದಾಗ ಈ ಅಂಶವನ್ನು ನಾನು ಜಾಸ್ತಿ ತೂಕ ಕೊಟ್ಟು ನೋಡುತ್ತೇನೆ.

ಒಂದು ಅನುಕೂಲದ ನಿಯಮವನ್ನು ಬಹಳ ಜನ ಮರೆಯುತ್ತಾರೆ. ವಾದಪತ್ರ ಹಿಂದಿರುಗಿಸುವ ಮುನ್ನ ಕೋರ್ಟು ವಾದಿಗೆ ತಿಳಿಸಬೇಕು. ಆಗ ನಿಯಮ 10ಎ ಅಡಿ ಅರ್ಜಿ ಕೊಟ್ಟು, ಇಂಥ ಕೋರ್ಟಿಗೆ ಹಾಕುತ್ತೇವೆ, ಎರಡೂ ಕಡೆಯವರು ಅಲ್ಲಿ ಹಾಜರಾಗಲು ದಿನ ಗೊತ್ತುಮಾಡಿ ಎಂದು ಕೇಳಬಹುದು. ಹಾಗೆ ಮಾಡಿದರೆ ಪ್ರತಿವಾದಿಗೆ ಮತ್ತೆ ಸಮನ್ಸ್ ಕಳಿಸಬೇಕಿಲ್ಲ. ಸಮನ್ಸ್ ಜಾರಿಗೇ ವರ್ಷ ಹಿಡಿಯುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಆದರೆ ಇದಕ್ಕೊಂದು ಕಟ್ಟು ಇದೆ. ಆ ಅರ್ಜಿಯನ್ನು ಕೋರ್ಟು ಒಪ್ಪಿದರೆ ಹಿಂದಿರುಗಿಸಿದ ಆದೇಶದ ಮೇಲೆ ಅಪೀಲು ಇಲ್ಲ. ಆದೇಶ ತಪ್ಪು ಎಂದು ಗಟ್ಟಿಯಾಗಿ ಅನಿಸಿದರೆ ಅರ್ಜಿ ಕೊಡುವ ಮುನ್ನ ಒಂದು ರಾತ್ರಿ ಯೋಚಿಸಿ. ಎರಡು ದೋಣಿಯಲ್ಲಿ ಕಾಲಿಡಲು ಇಲ್ಲಿ ಆಗುವುದಿಲ್ಲ.

ಅಪೀಲು ಹಾಕಿ ಸೋತರೂ ಒಂದು ಅವಕಾಶ ಇದೆ. ನಿಯಮ 10ಬಿ ಅಡಿ ಅಪೀಲಿನ ಕೋರ್ಟೇ ರಾಜ್ಯದೊಳಗಿನ ಅಥವಾ ಹೊರಗಿನ ಸರಿಯಾದ ಕೋರ್ಟಿಗೆ ವಾದಪತ್ರ ಸಲ್ಲಿಸಲು ಹೇಳಿ ಹಾಜರಾತಿಗೆ ದಿನ ಗೊತ್ತುಮಾಡಬಹುದು. ಅದಕ್ಕೆ ವಾದಿಯೇ ಅರ್ಜಿ ಕೊಡಬೇಕು.

ಅಪೀಲೇ ಸರಿ ಎನ್ನುವ ಕೇಸುಗಳು

ನಮ್ಮ ಕಡೆಯ ಒಬ್ಬ ರೈತರ ಕೇಸು ಹೇಳುತ್ತೇನೆ. ಜಮೀನು ತನ್ನದೆಂದು ಘೋಷಣೆ ಕೇಳಿದ್ದರು. ಅಡ್ಡಿ ಮಾಡದಂತೆ ನಿರ್ಬಂಧಕಾಜ್ಞೆ ಕೇಳಿದ್ದರು. ಜೊತೆಗೆ ಪಹಣಿಯಲ್ಲಿ ಹೆಸರು ತಿದ್ದಬೇಕೆಂದೂ ಕೇಳಿದ್ದರು. ಪಹಣಿ ಕಂದಾಯ ಇಲಾಖೆಯ ವಿಷಯ, ಸಿವಿಲ್ ಕೋರ್ಟಿಗೆ ಬರುವುದಿಲ್ಲ ಎಂದು ಪೂರ್ತಿ ವಾದಪತ್ರವೇ ತಿರಸ್ಕಾರವಾಯಿತು. ಇಲ್ಲಿ ನಾವು ಹಿಂದೆಮುಂದೆ ನೋಡದೆ ಅಪೀಲು ಹಾಕಿದೆವು. ಹಕ್ಕು ಯಾರದು ಎಂದು ತೀರ್ಮಾನಿಸುವುದು ಸಿವಿಲ್ ಕೋರ್ಟಿನ ಕೆಲಸವೇ. ಭೂ ಕಂದಾಯ ಕಾಯ್ದೆಯ ಕಲಂ 135 ಕೂಡ ಘೋಷಣೆಯ ದಾವೆಗೆ ಜಾಗ ಬಿಟ್ಟಿದೆ. ಮತ್ತೆ, ವಾದಪತ್ರವನ್ನು ಅರ್ಧಂಬರ್ಧ ತಿರಸ್ಕರಿಸಲು ಬರುವುದಿಲ್ಲ. ಒಂದು ಕೋರಿಕೆ ನಿಲ್ಲುವಂತಿದ್ದರೂ ಇಡೀ ವಾದಪತ್ರ ವಿಚಾರಣೆಗೆ ಹೋಗಬೇಕು. 2017 ಮತ್ತು 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎರಡು ಸಲ ಹೇಳಿದೆ. ಅಪೀಲು ಗೆದ್ದಿತು. ದಾವೆ ಮತ್ತೆ ಅದೇ ನಂಬರಿನಲ್ಲಿ, ನಿಂತ ಹಂತದಿಂದಲೇ ಶುರುವಾಯಿತು.

ಇದೇ ರೀತಿ, ತಿರಸ್ಕಾರ ಮಾಡುವಾಗ ಕೋರ್ಟು ನೋಡಬೇಕಾದ್ದು ವಾದಪತ್ರವನ್ನು ಮತ್ತು ಅದಕ್ಕೆ ಆಧಾರವಾದ ದಾಖಲೆಗಳನ್ನು. ಎದುರಿನವರು ತಮ್ಮ ತಕರಾರಿನಲ್ಲಿ ಏನು ಬರೆದಿದ್ದಾರೆ ಎಂಬುದು ಆಗ ಲೆಕ್ಕಕ್ಕಿಲ್ಲ. ನಿಮ್ಮ ಆದೇಶದಲ್ಲಿ ಪ್ರತಿವಾದಿಯ ಮಾತೇ ಆಧಾರವಾಗಿದ್ದರೆ ಅದು ಅಪೀಲಿಗೆ ಒಳ್ಳೆಯ ಕಾರಣ.

ಪಾಲು ವಿಭಾಗದ ದಾವೆಗಳಲ್ಲಿ ಇನ್ನೊಂದು ನೋಡಿ. ಸ್ವಲ್ಪ ಜಮೀನು ದಾವಣಗೆರೆಯಲ್ಲಿ, ಸ್ವಲ್ಪ ಶಿವಮೊಗ್ಗದಲ್ಲಿ ಇದ್ದರೆ ಎರಡರಲ್ಲಿ ಯಾವ ಊರಿನಲ್ಲಾದರೂ ದಾವೆ ಹಾಕಬಹುದು. ಸಿಪಿಸಿ ಕಲಂ 17 ಅದಕ್ಕೇ ಇರುವುದು. ಇದನ್ನು ಗಮನಿಸದೆ ವಾಪಸ್ ಕಳಿಸಿದ್ದರೆ ಅಪೀಲು ಹಾಕಿ. ಹಣದ ದಾವೆಯಲ್ಲಿ ಪ್ರತಿವಾದಿ ಇನ್ನೊಂದು ಊರಿನವರಾದರೂ, ವ್ಯವಹಾರದ ಒಂದು ಭಾಗ ನಿಮ್ಮ ಊರಿನಲ್ಲಿ ನಡೆದಿದ್ದರೆ ಕಲಂ 20 ನಿಮ್ಮ ಪರ ಇದೆ. ಆದರೆ ಕರಾರಿನಲ್ಲಿ "ವ್ಯಾಜ್ಯ ಬಂದರೆ ಮುಂಬೈ ಕೋರ್ಟಿಗೆ" ಎಂಬಂಥ ಸಾಲು ಇದೆಯೇ ನೋಡಿಕೊಳ್ಳಿ. "ಮಾತ್ರ" ಎಂಬ ಪದ ಇಲ್ಲದಿದ್ದರೂ ಅಂಥ ಸಾಲು ಕಟ್ಟಿಹಾಕಬಹುದು ಎಂದು ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ 2013ರಲ್ಲಿ ತೀರ್ಪಾಗಿದೆ.

ಊರು ಮತ್ತು ಮೌಲ್ಯದ ತಕರಾರನ್ನು ಪ್ರತಿವಾದಿ ಶುರುವಿನಲ್ಲೇ, ವಿವಾದಾಂಶ ರಚನೆಗೆ (ಯಾವ ಪ್ರಶ್ನೆಗಳನ್ನು ತೀರ್ಮಾನಿಸಬೇಕು ಎಂದು ಕೋರ್ಟು ಗೊತ್ತುಮಾಡುವುದಕ್ಕೆ) ಮುನ್ನವೇ ಎತ್ತಬೇಕು ಎಂಬುದು ಕಲಂ 21ರ ಧೋರಣೆ. ವರ್ಷಗಟ್ಟಲೆ ಸುಮ್ಮನಿದ್ದು ಕೊನೆಗೆ ಎತ್ತಿದ್ದರೆ ಅದನ್ನು ಹಿಡಿದು ವಾದಿಸಬಹುದು. ಆ ವಿಷಯವನ್ನು ವಿಚಾರಣೆ ಮಾಡುವ ಅಧಿಕಾರವೇ ಕೋರ್ಟಿಗೆ ಇಲ್ಲದಿದ್ದರೆ ಮಾತ್ರ ಈ ವಾದ ನಿಲ್ಲುವುದಿಲ್ಲ. ಯಾರು ಎಷ್ಟು ಒಪ್ಪಿದರೂ ಇಲ್ಲದ ಅಧಿಕಾರ ಬರುವುದಿಲ್ಲ. ಮೇಲೆ ಹೇಳಿದ ಹರ್ಷದ್ ಪ್ರಕರಣ ಈ ಬಗೆಯದು.

ಪುನರ್ವಿಮರ್ಶೆ ಅರ್ಜಿ, ಅಂದರೆ ರಿವ್ಯೂ, ಎನ್ನುವವರೂ ಇದ್ದಾರೆ. ಕಣ್ಣಿಗೆ ಹೊಡೆಯುವ ತಪ್ಪು ಇದ್ದಾಗ ಮಾತ್ರ ಅದು. ಸರ್ವೆ ನಂಬರು, ಊರಿನ ಹೆಸರು ತಪ್ಪಾಗಿ ಓದಿ ಆದೇಶ ಬಂದಿದ್ದರೆ ಹಾಕಿ. ಇಲ್ಲವಾದರೆ ಅದೇ ನ್ಯಾಯಾಧೀಶರ ಮುಂದೆ ಅದೇ ವಾದ ಮತ್ತೆ ಹೇಳಿದಂತೆ ಆಗುತ್ತದೆ, ಅಪೀಲಿನ ದಿನಗಳೂ ಕರಗುತ್ತವೆ.

ತಡೆಯಾಜ್ಞೆ ಇದ್ದವರು ಗಮನಿಸಿ

ಯಾವ ದಾರಿ ಆರಿಸಿದರೂ ಇದೊಂದನ್ನು ಮರೆಯಬೇಡಿ. ದಾವೆ ನಿಂತ ಕ್ಷಣ ಅದರಲ್ಲಿದ್ದ ತಾತ್ಕಾಲಿಕ ನಿರ್ಬಂಧಕಾಜ್ಞೆಯೂ ಹೋಗುತ್ತದೆ. ಎದುರಿನವರು ಮಾರನೇ ದಿನವೇ ಆಸ್ತಿ ಮಾರಲು ಓಡಬಹುದು. ಸಾಮಾನ್ಯವಾಗಿ ಕೇಸು ನಡೆಯುವಾಗ ಕೊಂಡವರು ಆ ಕೇಸಿನ ತೀರ್ಪಿಗೆ ಕಟ್ಟುಬೀಳುತ್ತಾರೆ. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52 ಅದು. ಆದರೆ ಅದರ ವಿವರಣೆಯನ್ನು ಪೂರ್ತಿ ಓದಿ. ಕೇಸು ಬಾಕಿ ಇದೆ ಎಂದು ಲೆಕ್ಕ ಹಿಡಿಯುವುದು ವ್ಯಾಪ್ತಿ ಇರುವ ಕೋರ್ಟಿಗೆ ವಾದಪತ್ರ ಸಲ್ಲಿಸಿದ ದಿನದಿಂದ. ವ್ಯಾಪ್ತಿ ಇಲ್ಲದ ಕೋರ್ಟಿನಲ್ಲಿ ನಾಲ್ಕು ವರ್ಷ ನಡೆದ ಕೇಸು ಈ ರಕ್ಷಣೆ ಕೊಡುತ್ತದೆ ಎಂದು ನಂಬಿ ಕೂರುವಂತಿಲ್ಲ. ಹಾಗಾಗಿ ಅಪೀಲು ಹಾಕಿದರೆ ಅದರ ಜೊತೆಗೇ ನಿರ್ಬಂಧಕಾಜ್ಞೆಯ ಅರ್ಜಿ ಹಾಕಿ. ಹೊಸ ಕೋರ್ಟಿಗೆ ಹೋದರೆ ವಾದಪತ್ರದ ದಿನವೇ ಅಲ್ಲೂ ಅರ್ಜಿ ಹಾಕಿ.

ದುಡ್ಡಿನ ತೊಂದರೆ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 15100ಕ್ಕೆ ಫೋನೂ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಬೇರೆಯವರಿಗೆ ಆದಾಯದ ಮಿತಿ ಇದೆ. ಅಪೀಲಿಗೂ ಈ ನೆರವು ಇದೆ, ದಾವೆಗೆ ಮಾತ್ರ ಅಲ್ಲ.

ಆ ತಾಯಿಯ ವಾದಪತ್ರವನ್ನು 51ನೇ ದಿನ ತುಮಕೂರಿನ ಕೋರ್ಟಿಗೆ ಸಲ್ಲಿಸಿದೆವು. ಜೊತೆಗೆ ಕಲಂ 14ರ ಲೆಕ್ಕವನ್ನು ದಿನದ ಸಮೇತ ಬರೆದು ಕೊಟ್ಟೆವು. ಹಳೆಯ ಕೋರ್ಟು ಬರೆದ ಹಿಂಬರಹದ ಪುಟವನ್ನೂ ಇಟ್ಟೆವು. ಅದರಲ್ಲಿ ಸಲ್ಲಿಸಿದ ದಿನ, ಹಿಂದಿರುಗಿಸಿದ ದಿನ ಎರಡೂ ಇರುತ್ತದೆ, ಜೋಪಾನ ಮಾಡಬೇಕು. ಸೈಟು ಮಾರದಂತೆ ಆಜ್ಞೆ ಆ ವಾರವೇ ಸಿಕ್ಕಿತು. "ಮತ್ತೆ ಸಾಕ್ಷಿ ಹೇಳಬೇಕಾ ಸಾರ್?" ಎಂದು ಕೇಳಿದರು. "ಹೌದಮ್ಮ, ಮೊದಲಿನಿಂದ ಎಲ್ಲಾ ಹೇಳಬೇಕು" ಎಂದೆ. ಸರಿ ಎಂದು ಆ ಪ್ಲಾಸ್ಟಿಕ್ ಕವರನ್ನು ಮತ್ತೆ ಮಡಚಿ ಬ್ಯಾಗಿಗೆ ಹಾಕಿಕೊಂಡರು.